ಒಳಗಿರುವುದೆಲ್ಲ ಕಾಣುವ ಚೀಲ

ಲೂಯಿಸಿಯಾನ, ಗುರುವಾರ

ಪ್ರಿನ್ಸಿಪಾಲ್ ಹಾಲೊವೇ ಅವರಿಗೆ,

ಮಗಳು ಡೆಲ್ಫೀನ್‌ಗೆ ಜ್ವರವೆಂದು ನಾನು ಫೋನಿನಲ್ಲಿ ಹೇಳಿದ್ದು ಸುಳ್ಳು.

ಯಾರೂ ಬಂದೂಕು ತರಬಾರದೆಂದು ಶಾಲೆ ಕಡ್ಡಾಯ ಮಾಡಿದ ಪಾರದರ್ಶಕ ಚೀಲದಲ್ಲಿ ಅವಳ ಮುಟ್ಟಿನ ಪ್ಯಾಡ್ ಎಲ್ಲರಿಗೂ ಕಾಣುತ್ತಿತ್ತು. ತಪಾಸಣೆಯ ಸಾಲಿನಲ್ಲಿ ಹಿಂದೆ ನಿಂತಿದ್ದ ಹುಡುಗರು, "ಏನೇ, ಗಾಯಕ್ಕೆ ಪಟ್ಟಿ ತಂದಿದ್ದೀಯಾ?" ಎಂದು ನಕ್ಕರಂತೆ. ಮರುದಿನ ಅವಳು ಪ್ಯಾಡ್ ಒಯ್ಯಲೇ ಇಲ್ಲ. ಬಟ್ಟೆ ಕಲೆಯಾಗಿ, ಶಾಲೆ ಬಿಡುವವರೆಗೂ ಕುರ್ಚಿಯಿಂದ ಏಳಲಿಲ್ಲ.

"ಗುಂಡು ಬೀಳದಿದ್ರೆ ಅಷ್ಟೇ ಸಾಕೇನಮ್ಮಾ?" ಎಂದು ಕೇಳಿದಳು. ಅಂದಿನಿಂದ ಅವಳು ಶಾಲೆಗೆ ಬರಲು ಒಪ್ಪುತ್ತಿಲ್ಲ.

ದಯವಿಟ್ಟು ಹೆಣ್ಣುಮಕ್ಕಳಿಗೆ ಸಣ್ಣದೊಂದು ಬಟ್ಟೆಯ ಸಂಚಿ ಒಯ್ಯಲು ಬಿಡಿ. ಗೇಟಿನಲ್ಲಿ ಅದನ್ನು ಹೆಂಗಸರೇ ನೋಡಲಿ.

ಪೋಷಕರ ಸಭೆಯಲ್ಲಿ ಈ ಚೀಲ ಬೇಕೇ ಬೇಕೆಂದು ಹಟ ಹಿಡಿದವಳು ನಾನೇ ಎಂಬುದು ಅವಳಿಗೆ ಗೊತ್ತಿಲ್ಲ. ನನಗೆ ಹೇಳುವ ಧೈರ್ಯ ಬರುವ ತನಕ ನೀವೂ ಹೇಳಬೇಡಿ.

ಡೆಲ್ಫೀನಳ ತಾಯಿ,
ರೊಸೆಟ್ ಗಿಡ್ರಿ