ರಾಮಮೋಹನ್ ತೊಳೆದ ಮೊದಲ ರೀಲು

ಟೌನ್‌ಶಿಪ್, ವಿಶಾಖಪಟ್ಟಣ
೧೬ ಫೆಬ್ರವರಿ ೨೦೨೫, ಭಾನುವಾರ

ಪ್ರೀತಿಯ ಸೀತಕ್ಕನಿಗೆ ತಮ್ಮ ಮಂಜಪ್ಪನ ನಮಸ್ಕಾರಗಳು.

ಹೇಗಿದ್ದೀಯ? ಹರಿಹರದಲ್ಲಿ ಬಿಸಿಲು ಆಗಲೇ ಏರಿರಬೇಕು. ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಕಿವಿಯ ಮಿಷನ್ನು ಪೆಟ್ಟಿಗೆಯಲ್ಲೇ ಮಲಗಿದೆ ಎಂದು ಗೊತ್ತು. ಫೋನಿನಲ್ಲಿ ನಾನು ಕೂಗುವುದು, ನೀನು "ಆಂ? ಆಂ?" ಅನ್ನುವುದು ಬೇಡವೆಂದೇ ಅಲ್ಲವೆ ನಮ್ಮ ಕಾಗದ ಇನ್ನೂ ನಡೆದಿರುವುದು? ಒಳ್ಳೆಯದೇ ಆಯಿತು. ಇದನ್ನೆಲ್ಲ ಫೋನಿನಲ್ಲಿ ಹೇಳಲು ನನಗೆ ಬರುತ್ತಿರಲಿಲ್ಲ. ನಾವಿಬ್ಬರೂ ಕ್ಷೇಮ. ಕೋಟೇಶ್ವರಮ್ಮ ನಿನಗೆಂದು ಗೋಂಗೂರ ಉಪ್ಪಿನಕಾಯಿ ಹಾಕಿದ್ದಾಳೆ. "ವದಿನಗಾರಿಕಿ ಕಾರಂ ತಕ್ಕುವ ವೇಶಾನು" ಅನ್ನುತ್ತಾಳೆ. ಅವಳ ಕಡಿಮೆ ಖಾರ ಎಷ್ಟೆಂದು ನಿನಗೆ ಗೊತ್ತೇ ಇದೆ.

ಡಿಸೆಂಬರಿನಲ್ಲಿ ಅವಳ ತಮ್ಮ ಜಗನ್ಮೋಹನನ ಗೃಹಪ್ರವೇಶಕ್ಕೆ ವಿಜಯವಾಡಕ್ಕೆ ಹೋಗಿದ್ದೆವು. ಗವರ್ನರ್‌ಪೇಟೆಯಲ್ಲಿ ಒಂದು ಹಳೆಯ ಸ್ಟುಡಿಯೊ. ಗಾಜಿನ ಕಪಾಟಿನಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ರೀಲು ಕ್ಯಾಮೆರಾ ಕಂಡೆ. ನಿನ್ನ ಮದುವೆಯಲ್ಲಿ ಫೋಟೊದವನು ಕ್ಯಾಮೆರಾ ಮುಟ್ಟಗೊಡಲಿಲ್ಲವೆಂದು ನಾನು ಊಟ ಬಿಟ್ಟಿದ್ದೆನಲ್ಲ, ಆ ಆಸೆ ಐವತ್ತೇಳನೆಯ ವಯಸ್ಸಿಗೆ ಎದ್ದು ಕೂತಿತು, ಕೊಂಡೇಬಿಟ್ಟೆ. ಸ್ಟುಡಿಯೊದ ರಾಮಮೋಹನ್ ನನಗಿಂತ ಹಿರಿಯರು, ಮಾತು ಕಡಿಮೆ. ಬ್ಯಾಟರಿ ಬೇಡ, ದೂರ ಹೊಂದಿಸುವ ಗೊಡವೆ ಇಲ್ಲ, ಹೆಬ್ಬೆರಳಿನಲ್ಲಿ ಚಕ್ರ ತಿರುಗಿಸಿ ಗುಂಡಿ ಒತ್ತಿದರೆ ಸರಿ ಎಂದರು. ರೀಲಿನ ನಾಲಗೆಯನ್ನು ಹಲ್ಲಿಗೆ ಸಿಕ್ಕಿಸುವುದನ್ನು ಮೂರು ಸಲ ಮಾಡಿಸಿದರು. ಬಿಸಿಲು ಬೆನ್ನಿಗಿರಲಿ, ಐದಡಿಗಿಂತ ಹತ್ತಿರ ಹೋಗಬೇಡಿ ಎಂದು ಕಳಿಸಿದರು.

ಒಂದು ತಿಂಗಳು ನಾನು ಹುಡುಗನಂತೆ ಓಡಾಡಿದೆ. ಮೂವತ್ತಾರೇ ಚಿತ್ರ, ಹಾಗಾಗಿ ಒಂದೊಂದಕ್ಕೂ ಹತ್ತು ಸಲ ಯೋಚನೆ. ಭೀಮುನಿಪಟ್ಟಣದಲ್ಲಿ ಬಲೆ ಬಿಡಿಸುವವರು, ನಮ್ಮ ಹಿತ್ತಲಿನ ನುಗ್ಗೆಮರ, ಕೂದಲು ಒಣಗಿಸಿಕೊಳ್ಳುತ್ತಿದ್ದ ಕೋಟೇಶ್ವರಮ್ಮ. ಬೈದಳು, ಆಮೇಲೆ ತಾನೇ ಸೀರೆ ಬದಲಿಸಿ ಬಂದು ನಿಂತಳು. ಜನವರಿ ನಡುವಿಗೆ ರಜೆ ಹಾಕಿ, ಬೆಳಗಿನ ರೈಲಿಗೆ ವಿಜಯವಾಡಕ್ಕೆ ಹೋಗಿ ರೀಲನ್ನು ರಾಮಮೋಹನರ ಕೈಗೆ ಕೊಟ್ಟೆ. ಅವರೇ ಒಳಗೆ ತೊಳೆದು, ಒಣಗಿಸಿ, ಭೂತಗನ್ನಡಿ ಹಿಡಿದು ನೋಡಿದರು. ಎಲ್ಲವೂ ಕದಡಿದ್ದವು ಅಕ್ಕ. ಬಲೆ, ಮರ, ಹೆಂಡತಿಯ ಮುಖ, ಎಲ್ಲಕ್ಕೂ ಎರಡೆರಡು ಅಂಚು. ಕಾಂಪೌಂಡಿನ ಮೇಲಿಟ್ಟು ತೆಗೆದ ಎರಡು ಮಾತ್ರ ಸ್ಪಷ್ಟವಾಗಿದ್ದವು. ಕೆಟ್ಟ ಡಬ್ಬ ಕೊಟ್ಟಿದ್ದೀರಿ ಎಂದು ನಾನು ರೇಗಿದೆ.

ಅವರು ತುಂಡು ರೀಲು ಹಾಕಿ, ಅಂಗಡಿ ಮುಂದಿನ ಬೀದಿಯನ್ನು ತಾವು ನಾಲ್ಕು ಸಲ ತೆಗೆದರು, ನನ್ನ ಕೈಲೂ ನಾಲ್ಕು ಸಲ ತೆಗೆಸಿದರು. ತೊಳೆದು ಪಕ್ಕಪಕ್ಕ ಹಿಡಿದರು. ಅವರವು ನೆಟ್ಟಗಿದ್ದವು. "ಕ್ಯಾಮೆರಾ ಬಾಗಾನೇ ಉಂದಿ ಸಾರ್. ಮೀ ಚೆಯ್ಯೇ ವಣುಕುತೋಂದಿ" ಎಂದರು ಮೆಲ್ಲಗೆ. ಕ್ಯಾಮೆರಾ ಚೆನ್ನಾಗಿದೆ, ನಡುಗುವುದು ನಿಮ್ಮ ಕೈ.

ಲೋಟದಲ್ಲಿ ಚಹಾ ತುಳುಕುವುದನ್ನು ನಾನೂ ಕಂಡಿದ್ದೆ, ವಯಸ್ಸು ಎಂದುಕೊಂಡಿದ್ದೆ. ಫೋನಿನಲ್ಲಿ ತೆಗೆದ ಫೋಟೊಗಳಲ್ಲಿ ಇದು ಎಂದೂ ಕಾಣಿಸಿರಲಿಲ್ಲ. ಆದರೆ ನನ್ನ ಕೆಲಸ ನಿನಗೆ ಗೊತ್ತಲ್ಲ. ಇಪ್ಪತ್ತಾರು ವರ್ಷದಿಂದ ಕ್ರೇನಿನ ಗೂಡಿನಲ್ಲಿ ಕೂತು, ಕುದಿಯುವ ಉಕ್ಕಿನ ಕೊಪ್ಪರಿಗೆಯನ್ನು ಜನರ ತಲೆಗಿಂತ ಮೇಲೆ ಸಾಗಿಸುವವನು ನಾನು. ಇದೇ ಕೈಯಿಂದ. ಹಿಂತಿರುಗುವ ರೈಲಿನಲ್ಲಿ ಅದನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತಿದ್ದೆ.

ಯಾರಿಗೂ ಹೇಳದೆ ಎರಡು ಶಿಫ್ಟು ಮಾಡಿದೆ. ಇದನ್ನು ನಿನ್ನ ಹತ್ತಿರ ಮುಚ್ಚಿಡುವುದಿಲ್ಲ. ನಿವೃತ್ತಿಗೆ ಇನ್ನು ಮೂರೇ ವರ್ಷ ಎಂಬ ಆಸೆ. ಮೂರನೆಯ ದಿನ, ಕೆಳಗೆ ನಿಂತು ಕೈಸನ್ನೆ ಮಾಡುವ ಫಣಿ ಎಂದಿನಂತೆ ಕತ್ತೆತ್ತಿ ನಕ್ಕು, ಎತ್ತು ಎಂದು ಸನ್ನೆ ಮಾಡಿದ. ಹನ್ನೊಂದು ವರ್ಷದಿಂದ ಅವನು ನನ್ನ ಕೊಪ್ಪರಿಗೆಯ ಹತ್ತಿರ ನಿಲ್ಲುತ್ತಾನೆ, ಒಂದು ದಿನವೂ ಅನುಮಾನದಿಂದ ಮೇಲೆ ನೋಡಿದವನಲ್ಲ. ನನ್ನಿಂದ ಆಗಲಿಲ್ಲ ಅಕ್ಕ. ಹಿಡಿಕೆ ಬಿಟ್ಟು, ಕ್ರೇನ್ ನಿಲ್ಲಿಸಿ, ಏಣಿ ಇಳಿದುಬಂದೆ. ಏನೂ ಆಗಿರಲಿಲ್ಲ, ಕೊಪ್ಪರಿಗೆ ನೆಲದಿಂದ ಎದ್ದೂ ಇರಲಿಲ್ಲ. "ಏಮೈಂದಿ ಮಂಜಪ್ಪಗಾರು?" ಏನಾಯಿತೆಂದು ಕೇಳುತ್ತ ಫಣಿ ಓಡಿಬಂದ. ಕೈ ಚಾಚಿ ತೋರಿಸಿದೆ. ಅವನು ಆ ಕೈಯನ್ನು ಹಿಡಿದುಕೊಂಡೇ ನನ್ನನ್ನು ಸಾಹೇಬರ ಕೋಣೆಗೆ ಕರೆದೊಯ್ದ.

ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು. ಜೀವಕ್ಕೆ ಅಪಾಯವಿಲ್ಲವಂತೆ, ಮಾತ್ರೆಯಿಂದ ನಡುಕ ಹಿಡಿತಕ್ಕೆ ಬರುತ್ತದಂತೆ. ಕ್ರೇನ್ ಮಾತ್ರ ಇನ್ನಿಲ್ಲ. ಈಗ ಸ್ಟೋರಿನಲ್ಲಿ ಕೂರಿಸಿದ್ದಾರೆ. ಮೊದಲ ವಾರ ಅಲ್ಲಿ ಕತ್ತೆತ್ತಿ ಸೂರನ್ನೇ ನೋಡುತ್ತಿದ್ದೆ. "ಇರವೈ ಆರೇಳ್ಳು ಪೈನೇ ಉನ್ನಾರು ಕದಂಡಿ, ಇಂಕ ಕಿಂದ ಉಂಡಂಡಿ" ಎಂದಳು ಕೋಟೇಶ್ವರಮ್ಮ. ಇಷ್ಟು ವರ್ಷ ಮೇಲೇ ಇದ್ದಿರಿ, ಇನ್ನು ಕೆಳಗಿರಿ ಎಂದು. ಹೇಳಿ ಆಚೆ ತಿರುಗಿ ಕಣ್ಣೊರೆಸಿಕೊಂಡಳು.

ಕ್ಯಾಮೆರಾ ಬಿಟ್ಟಿಲ್ಲ. ಗೋಡೆಗೆ ಮೊಣಕೈ ಊರಿಕೊಂಡು ಗುಂಡಿ ಒತ್ತುವುದನ್ನು ರಾಮಮೋಹನ್ ಆ ದಿನವೇ ಹೇಳಿಕೊಟ್ಟಿದ್ದರು. ಎರಡನೆಯ ರೀಲಿನ ಒಂದು ಚಿತ್ರ ಇದರೊಂದಿಗಿದೆ: ಗೇಟಿನ ಹತ್ತಿರ ಸ್ಕೂಟರಿಗೆ ಒರಗಿ ನಿಂತಿರುವ ಫಣಿ. ಅವನ ಅಂಗಿಯ ಗುಂಡಿಗಳನ್ನೂ ಎಣಿಸಬಹುದು.

ಮನೆಯವರನ್ನೆಲ್ಲ ಕೇಳಿದೆನೆಂದು ಹೇಳು. ನಿನ್ನ ಆಶೀರ್ವಾದ ನಮ್ಮಿಬ್ಬರ ಮೇಲಿರಲಿ.

ನಿನ್ನ ತಮ್ಮ,
ಮಂಜಪ್ಪ

ಮರೆತಿದ್ದೆ: ಈ ನಡುಕ ರಕ್ತಸಂಬಂಧದಲ್ಲಿ ಬರುತ್ತದಂತೆ. ಮನೆಯಲ್ಲಿ ಬೇರೆ ಯಾರಿಗಾದರೂ ಇದೆಯೇ ಎಂದು ಡಾಕ್ಟರು ಕೇಳಿದಾಗ ಇಲ್ಲ ಎಂದುಬಿಟ್ಟೆ. ಮನೆಗೆ ಬಂದು ನಿನ್ನ ಕಾಗದಗಳನ್ನೆಲ್ಲ ಹರಡಿಕೊಂಡು ಕೂತೆ. ಹೋದ ವರ್ಷ ಯುಗಾದಿಯಿಂದೀಚೆಗೆ ನಿನ್ನ ಅಕ್ಷರಗಳಿಗೂ ಎರಡೆರಡು ಅಂಚು. ಕೊನೆಯ ಎರಡನ್ನು ಮೊಮ್ಮಗಳು ಅಖಿಲಾಳ ಕೈಲಿ ಬರೆಸಿದ್ದೀಯ, ಕನ್ನಡಕ ಒಡೆದಿದೆ ಎಂದು. ನಿಜವಾಗಿ ಕನ್ನಡಕವೇನೆ ಅಕ್ಕ? ಶಿವರಾತ್ರಿ ಕಳೆದ ಮೇಲೆ ಬರುತ್ತೇನೆ, ದಾವಣಗೆರೆಯಲ್ಲಿ ಡಾಕ್ಟರಿಗೆ ಇಬ್ಬರೂ ಹೋಗಿ ತೋರಿಸೋಣ. ಇದಕ್ಕೆ ಉತ್ತರವನ್ನು ಮಾತ್ರ ನೀನೇ ಬರಿ. ಅಕ್ಷರ ಹೇಗಾದರೂ ಇರಲಿ, ನಾನು ಓದಿಕೊಳ್ಳುತ್ತೇನೆ.