ಸೋಮವಾರದ ಬೆಲೆ

ಫೆಬ್ರವರಿ 19, ಸೋಮವಾರ

ಎಂಟಕ್ಕೇ ಹಳೆ ಕಾರುಗಳ ಯಾರ್ಡು. ಮೂವತ್ತೊಂದು ಗಾಡಿಗಳ ಮುಂದಿನ ಗಾಜು ಒರೆಸಿ ಹೊಸ ಬೆಲೆ ಬರೆದೆ. ಒದ್ದೆ ಬಟ್ಟೆ, ಬಿಳಿ ಮಾರ್ಕರ್ — ಹತ್ತೊಂಬತ್ತು ವರ್ಷದಿಂದ ಸೋಮವಾರದ ಕೆಲಸ. ಮೊದಲೆಲ್ಲ ಅರ್ಧ ಗಾಡಿಗಳಿಗೆ ಬೆಲೆ ಏರಿಸುತ್ತಿದ್ದೆ. ಈಗ ಎಲ್ಲವೂ ಇಳಿಕೆ. ಕೆಲಸ ಕಳೆದುಕೊಂಡವರು ಮೊದಲು ಮಾರುವುದು ಕಾರನ್ನೇ. ಕೊಳ್ಳುವವರ ಸುಳಿವಿಲ್ಲ.

ಬೂದು ಬಣ್ಣದ್ದೊಂದು ಬಂದಿದೆ. ಬಾಗಿಲು ಅಗಲ, ಸೀಟು ಎತ್ತರ. ಹೆಂಡತಿಗೆ ಹತ್ತಿ ಇಳಿಯಲು ಹೇಳಿ ಮಾಡಿಸಿದ ಹಾಗಿದೆ. ಪ್ರಿಂಟಿಂಗ್ ಪ್ರೆಸ್ ಇಟ್ಟಿದ್ದವರೊಬ್ಬರದು. ಪ್ರೆಸ್ ಮುಚ್ಚಿತು. ಮಾರಿಕೊಡಿ ಎಂದು ಬಿಟ್ಟುಹೋಗಿದ್ದಾರೆ. ಮಾರುವವರೆಗೆ ಗಾಡಿ ಅವರದೇ.

ಇವಳು ಆಸ್ಪತ್ರೆಯಿಂದ ಬಂದು ಹತ್ತು ದಿನ. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಥೆರಪಿಯವಳು ಹೇಳಿದ್ದು — ಸ್ಟ್ರೋಕ್ ಆದ ಮೇಲೆ ಮೊದಲ ಆರು ತಿಂಗಳೇ ಮುಖ್ಯ, ವಾರಕ್ಕೆ ಮೂರು ಸಲ ಕರೆದುಕೊಂಡು ಬನ್ನಿ. ಜನವರಿ ಒಂಬತ್ತರಿಂದ ಎಣಿಸಿದರೆ ಜುಲೈ ಒಂಬತ್ತಕ್ಕೆ ಆರು. ಇವಳದು ಟೈಲರ್ ಅಂಗಡಿಯಲ್ಲಿ ಕಟಿಂಗ್ ಕೆಲಸ. ಇಪ್ಪತ್ತೆರಡು ವರ್ಷ ಕತ್ತರಿ ಹಿಡಿದ ಕೈ. ಅದು ವಾಪಸ್ ಬರಬೇಕು. ಆಸ್ಪತ್ರೆಗೆ ಎರಡು ಬಸ್ಸು, ಒಂದೂವರೆ ಗಂಟೆ. ಕಾರು ಬೇಕೇ ಬೇಕು.

ಕೂಡಿಟ್ಟದ್ದನ್ನೆಲ್ಲ ಬಾಚಿದರೆ ಇವತ್ತೇ ಕೊಳ್ಳಬಹುದು. ಆದರೆ ಇವತ್ತು ಕೊಂಡರೆ ನನ್ನಂಥ ಪೆದ್ದ ಇನ್ನೊಬ್ಬನಿಲ್ಲ. ಏಪ್ರಿಲ್ ಕೊನೆಗೆ ಕಾಲು ಭಾಗ ಇಳಿದಿರುತ್ತದೆ. ಇದು ನನಗಲ್ಲದೆ ಇನ್ಯಾರಿಗೆ ಗೊತ್ತು?

ಸ್ಟ್ರೋಕ್ ಎರಡನೇ ಸಲ ಬಂದರೆ ಉಳಿಯುವುದು ಕಷ್ಟ, ಮೂರು ತಿಂಗಳು ಹುಷಾರಾಗಿರಿ ಎಂದಿದ್ದಾರೆ ಡಾಕ್ಟರು. ಕಾಯುವುದಕ್ಕೆ ಇನ್ನೊಂದು ಕಾರಣವೂ... ಒಂದು ಸಾಲು ಬರೆದೆ. ಹೊಡೆದು ಹಾಕಿದೆ.

ಫೆಬ್ರವರಿ 24, ಶನಿವಾರ

ಈ ವಾರ ಬಸ್ಸಿನಲ್ಲಿ ಆಸ್ಪತ್ರೆಗೆ ಮೂರನೆಯ ಸಲ. ಕಂಡಕ್ಟರ್ ಕೈ ಹಿಡಿದು ಹತ್ತಿಸಿದ. ಸೀಟು ಬಿಟ್ಟುಕೊಟ್ಟ ಹೆಂಗಸಿಗೆ ಇವಳು ನಗಲು ಹೋದಳು. ಅರ್ಧ ಮುಖ ಮಾತ್ರ ನಕ್ಕಿತು. ಮನೆಗೆ ಬಂದು ಕೂತ ಮೇಲೆ, "ರೀ, ಅರ್ಧ ಮುಖಕ್ಕೆ ಅರ್ಧ ಟಿಕೆಟ್ ತಗೋಬೇಕಿತ್ತು" ಎಂದಳು. ನಕ್ಕೆ. ಆಮೇಲೆ ಅಡುಗೆಮನೆಗೆ ಹೋಗಿ ನಲ್ಲಿ ತಿರುಗಿಸಿ ಸುಮ್ಮನೆ ನಿಂತೆ.

ಟ್ಯಾಕ್ಸಿ ವಿಚಾರಿಸಿದೆ. ಅರ್ಧ ಸಂಬಳ ಅದಕ್ಕೇ ಹೋಗುತ್ತದೆ. ಯಾರ್ಡಿನ ಗಾಡಿ ಒಂದನ್ನು ಕೇಳಿದೆ. ಒಬ್ಬರಿಗೆ ಕೊಟ್ಟರೆ ಎಲ್ಲರಿಗೂ ಕೊಡಬೇಕಾಗುತ್ತದೆ ಎಂದರು ಯಜಮಾನರು. ಎಲ್ಲರೂ ಎಂದರೆ ಯಾರು? ಇರುವುದು ನಾನು, ವಾಚ್‌ಮನ್.

ಮಾರ್ಚ್ 12, ಸೋಮವಾರ

ಬೂದು ಗಾಡಿ ಹನ್ನೆರಡು ಸಾವಿರ ಇಳಿಯಿತು. ನಾನೇ ಒರೆಸಿ ನಾನೇ ಬರೆದೆ.

ಪ್ರೆಸ್‌ನವರು ಪ್ರತಿ ಸೋಮವಾರ ಬರುತ್ತಾರೆ. ಉಗುರಿನ ಸಂದಿಯ ಇಂಕು ಇನ್ನೂ ಹೋಗಿಲ್ಲ. ಡ್ರೈವರ್ ಸೀಟಿನಲ್ಲಿ ಐದು ನಿಮಿಷ ಕೂತು, ಎಂಜಿನ್ ಸ್ಟಾರ್ಟ್ ಮಾಡಿ, ಆಫ್ ಮಾಡಿ ಇಳಿಯುತ್ತಾರೆ. ಬ್ಯಾಟರಿ ಡೌನ್ ಆಗಬಾರದಲ್ಲ ಎನ್ನುತ್ತಾರೆ. ಇನ್ನೂ ಇಳಿಸಬೇಕಾ ಎಂದು ಕೇಳಿದರು. ಮಾರ್ಕೆಟ್ ಹಾಗಿದೆ ಸಾರ್ ಎಂದೆ. ಸುಳ್ಳಲ್ಲ. ಕಾಯುತ್ತಿರುವ ಗಿರಾಕಿ ನಾನೇ ಎಂದು ಮಾತ್ರ ಹೇಳಲಿಲ್ಲ. ವ್ಯಾಪಾರದಲ್ಲಿ ಅದೆಲ್ಲ ಇದ್ದದ್ದೇ.

ಏಪ್ರಿಲ್ 5, ಗುರುವಾರ

ಹೆಬ್ಬೆರಳು ಅಲ್ಲಾಡಿತು. ತೋರುಬೆರಳೂ ಸ್ವಲ್ಪ. ಬಟ್ಟೆಗೆ ಗುರುತು ಹಾಕುವ ಚಾಕ್ ತುಂಡನ್ನು ಇವಳು ಚೀಲದಲ್ಲೇ ಇಟ್ಟುಕೊಂಡಿದ್ದಳು. ಎರಡು ಬೆರಳ ನಡುವೆ ಇಟ್ಟೆ. ನಾಲ್ಕು ಎಣಿಸುವವರೆಗೆ ಹಿಡಿದಳು. ಥೆರಪಿಯವಳು ಚಪ್ಪಾಳೆ ತಟ್ಟಿದಳು. ಇನ್ನು ಒಂದು ದಿನವೂ ತಪ್ಪಿಸಬೇಡಿ, ಕೈ ಎದ್ದೇಳುತ್ತಿರುವುದೇ ಈಗ ಎಂದಳು.

ಎಷ್ಟೋ ದಿನದ ಮೇಲೆ ಇಬ್ಬರೂ ಹೊಟ್ಟೆ ತುಂಬ ಉಂಡೆವು.

ಏಪ್ರಿಲ್ 23, ಸೋಮವಾರ

ಆಸ್ಪತ್ರೆಯ ಎರಡನೇ ಬಸ್ಸಿನ ಟ್ರಿಪ್ಪು ಕಡಿಮೆ ಮಾಡಿದ್ದಾರೆ. ಜನ ಇಲ್ಲವಂತೆ. ಬೆಳಿಗ್ಗೆ ಒಂದು, ಸಂಜೆ ಒಂದು ಓಡುತ್ತದೆ, ಅಷ್ಟೆ. ವಾರಕ್ಕೆ ಮೂರು ಹೋಗಿ ಎರಡಾಯಿತು. ಕಳೆದ ವಾರ ಒಂದೇ. ಸಂಬಳವೂ ಮೂರರಲ್ಲಿ ಒಂದು ಪಾಲು ಕಡಿತ.

ಬೂದು ಗಾಡಿ ನಾನು ಅಂದುಕೊಂಡ ಬೆಲೆಗೆ ಇನ್ನು ಏಳು ಸಾವಿರ. ಏಳೇ ಸಾವಿರ. ಸಾಕು, ಕೊಂಡುಬಿಡೋಣ ಎಂದು ಯಜಮಾನರ ಬಾಗಿಲವರೆಗೆ ಹೋದೆ. ಅವರು ಫೋನಿನಲ್ಲಿದ್ದರು. ಪಕ್ಕದ ರಸ್ತೆಯ ಯಾರ್ಡು ಬಾಗಿಲು ಹಾಕುತ್ತಿದೆ, ಅರವತ್ತು ಗಾಡಿ, ಸಿಕ್ಕ ಬೆಲೆಗೆ ಬಿಡುತ್ತಾರೆ... ಬಾಗಿಲು ತಟ್ಟಲಿಲ್ಲ. ಅರವತ್ತು ಗಾಡಿ ಒಟ್ಟಿಗೆ ಬಿದ್ದರೆ ಇದು ಎಲ್ಲಿಗೆ ಇಳಿಯುತ್ತದೋ. ಇನ್ನೊಂದು ತಿಂಗಳು.

ಊಟಕ್ಕೆ ಕೂತಾಗ ಕೇಳಿದಳು. "ಆ ಬೂದು ಕಾರು ಇನ್ನೂ ಇದ್ಯಾ?"

ಇದೆ ಎಂದೆ.

"ಬೇರೆ ಯಾರೂ ತಗೊಳ್ಳದಿದ್ರೆ ಸಾಕು."

ಜೂನ್ 7, ಗುರುವಾರ

ಬರೆಯುವ ಮನಸ್ಸಿರಲಿಲ್ಲ.

ಮೇ ಹದಿನೇಳಕ್ಕೆ ಬಸ್ಸಿನಿಂದ ಇಳಿಯುವಾಗ ಬಿದ್ದಳು. ನಾನು ಚೀಲ ತೆಗೆದುಕೊಳ್ಳಲು ಒಂದು ಹೆಜ್ಜೆ ಹಿಂದೆ ಹೋಗಿದ್ದೆ, ಅಷ್ಟೇ. ಏನೂ ಮುರಿದಿಲ್ಲ. ಆದರೆ ಈಗ ಬಸ್ಸಿನ ಸದ್ದು ಕೇಳಿದರೂ ಇವಳ ಎಡಗೈ ನನ್ನ ಅಂಗಿ ಹಿಡಿದುಕೊಳ್ಳುತ್ತದೆ. ಮೂರು ವಾರ ಥೆರಪಿ ಇಲ್ಲ. ಮನೆಯಲ್ಲಿ ನಾನೇ ಬೆರಳು ಮಡಿಸಿ ಬಿಡಿಸುತ್ತೇನೆ. ನನಗೇನು ಬರುತ್ತದೆ, ಮಣ್ಣು.

ಈಗಲಾದರೂ ಕೊಳ್ಳಬೇಕು. ಗೊತ್ತು. ಆದರೆ ಬರುವ ಸೋಮವಾರ ಇನ್ನೂ ಇಳಿಯುತ್ತದೆ ಎಂದು ಗೊತ್ತಿರುವಾಗ ಈ ಸೋಮವಾರ ಕೊಳ್ಳುವುದು ಹೇಗೆ? ಇದ್ದದ್ದನ್ನೆಲ್ಲ ಸುರಿದ ಮೇಲೆ ಕೆಲಸವೂ ಹೋದರೆ? ಪ್ರತಿ ವಾರ ಇದೇ ರಾಗ. ಇನ್ನೊಬ್ಬರು ಹೀಗೆ ಆಡಿದ್ದರೆ ನಾನೇ ಬುದ್ಧಿ ಹೇಳುತ್ತಿದ್ದೆ.

ಜುಲೈ 2, ಸೋಮವಾರ

ಕೊಂಡೆ. ಫೆಬ್ರವರಿಯ ಬೆಲೆಯ ಅರ್ಧಕ್ಕಿಂತ ತುಸು ಮೇಲೆ. ಹತ್ತೊಂಬತ್ತು ವರ್ಷದಲ್ಲಿ ಇಷ್ಟು ಅಗ್ಗಕ್ಕೆ ಹೋದ ಗಾಡಿ ನಾನು ನೋಡಿಲ್ಲ.

ಕಾಗದಕ್ಕೆ ಸಹಿ ಹಾಕುವಾಗ ಪ್ರೆಸ್‌ನವರು ಕೊಳ್ಳುವವರ ಹೆಸರು ಓದಿ ತಲೆ ಎತ್ತಿದರು. "ನೀವಾ?" ಮುಚ್ಚಿಡಲಾಗಲಿಲ್ಲ. ಇವಳ ವಿಷಯ ಹೇಳಿದೆ — ಸ್ಟ್ರೋಕ್, ಬಸ್ಸು, ಬಿದ್ದದ್ದು, ಎಲ್ಲ. ಬೈಯುತ್ತಾರೆ ಎಂದುಕೊಂಡೆ. ಪೆನ್ನಿನ ಮುಚ್ಚಳ ಹಾಕಿ ಮೇಜಿನ ಮೇಲಿಟ್ಟರು.

"ಮೊದ್ಲೇ ಹೇಳ್ಬಾರದಿತ್ತಾ? ಗಾಡಿ ಇಲ್ಲಿ ಸುಮ್ನೆ ನಿಂತಿತ್ತಲ್ಲ. ಮಾರೋವರೆಗೂ ಓಡಿಸ್ಕೊಳ್ಳಿ ಅಂತ ಕೀ ಕೊಡ್ತಿದ್ದೆ."

ಸಹಿ ಹಾಕಿದರು. ದುಡ್ಡು ಎಣಿಸದೆ ಜೇಬಿಗೆ ಹಾಕಿಕೊಂಡು ಹೋದರು. ಪ್ರತಿ ಸೋಮವಾರ ಆ ಮನುಷ್ಯ ನನ್ನ ಮುಂದೆಯೇ ನಿಂತಿರುತ್ತಿದ್ದರು. ಕೇಳಬಹುದು ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆದಿದ್ದರೂ ಕೇಳುತ್ತಿರಲಿಲ್ಲವೇನೋ. ಕೇಳಿದರೆ ಗಿರಾಕಿ ಯಾರೆಂದು ಗೊತ್ತಾಗುತ್ತಿತ್ತಲ್ಲ, ಬೆಲೆ ನಿಂತುಬಿಡುತ್ತಿತ್ತು.

ಥೂ.

ಜುಲೈ 3, ಮಂಗಳವಾರ

ಆಸ್ಪತ್ರೆಗೆ ಹದಿನೆಂಟು ನಿಮಿಷ. ಬರೀ ಹದಿನೆಂಟು. ಇವಳು ಕಿಟಕಿ ಇಳಿಸಿ ಗಾಳಿಗೆ ಮುಖ ಒಡ್ಡಿ ಕೂತಿದ್ದಳು. ಚಾಕ್ ತುಂಡು ಮಡಿಲಲ್ಲಿ.

ಬೆರಳುಗಳು ಬಿಗಿದುಕೊಂಡಿವೆ. ಚಾಕ್ ನಿಲ್ಲಲಿಲ್ಲ. ಮೂರು ಸಲ ಇಟ್ಟಳು, ಮೂರು ಸಲವೂ ಬಿತ್ತು. ಥೆರಪಿಯವಳು ನನ್ನನ್ನು ಹೊರಗೆ ಕರೆದಳು. "ಕಾಲು ಇನ್ನೂ ಸ್ವಲ್ಪ ಸುಧಾರಿಸತ್ತೆ. ಕೈ ಮಾತ್ರ ಇಷ್ಟೇ ಅಂದ್ಕೊಳ್ಳಿ ಸಾರ್." ಇನ್ನು ಇಲ್ಲಿಯವರೆಗೆ ಬರಬೇಕಾಗಿಲ್ಲ, ಮನೆಯಲ್ಲೇ ನಡೆಸಿದರೆ ಸಾಕಂತೆ. ಏಪ್ರಿಲ್‌ನಲ್ಲಿ ಬಿಡದೆ ಬಂದಿದ್ದರೆ ಎಂದು ಕೇಳಿದೆ. ಅವಳು ಮನೆಯಲ್ಲಿ ಮಾಡಿಸಬೇಕಾದ ವ್ಯಾಯಾಮದ ಚೀಟಿ ಬರೆದುಕೊಟ್ಟಳು. ಒಳ್ಳೆಯ ಹುಡುಗಿ.

ವಾಪಸ್ಸೂ ಹದಿನೆಂಟೇ ನಿಮಿಷ.

ಜುಲೈ 9, ಸೋಮವಾರ

ಇವತ್ತಿಗೆ ಆರು ತಿಂಗಳು.

ಯಾರ್ಡಿಗೆ ಇದೇ ಮಾಡೆಲ್ಲಿನ ಇನ್ನೊಂದು ಬಂದಿದೆ. ನನ್ನದಕ್ಕಿಂತ ಒಂಬತ್ತು ಸಾವಿರ ಕಡಿಮೆ. ಗಾಜಿನ ಮೇಲೆ ನಾನೇ ಬರೆದೆ.

ಮಧ್ಯಾಹ್ನ ರಜೆ ಹಾಕಿ ಬಂದೆ. ಇವಳು ತಯಾರಾಗಿ ಕೂತಿದ್ದಳು. ಅಂಗಡಿಗೆ ಹೋಗಬೇಕು ಎಂದಳು. ಹೋದೆವು. ಕತ್ತರಿಯನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದಳು. ಜೊತೆಯಲ್ಲಿ ಕೆಲಸ ಮಾಡುವವಳ ಕೈಗೆ ಎಡಗೈಯಿಂದ ಕೊಟ್ಟಳು. ತಿಂಗಳಿಗೊಂದು ಸಲ ಸಾಣೆ ಹಿಡಿಸು, ಕಾಗದ ಕತ್ತರಿಸಬೇಡ ಎಂದಳು. ಅವಳು ಅತ್ತಳು, ಇವಳು ಅಳಲಿಲ್ಲ.

ಬರುವಾಗ ಸಿಗ್ನಲ್‌ನಲ್ಲಿ ನಿಂತಿದ್ದೆವು. ರಸ್ತೆ ನೋಡುತ್ತಲೇ ಕೇಳಿದಳು. "ಒಂದು ಮಾತು ನಿಜ ಹೇಳಿ. ನೀವು ಕಾಯ್ತಿದ್ದಿದ್ದು ಬೆಲೆ ಇಳೀಲಿ ಅಂತಾನಾ, ಇಲ್ಲಾ ನಾನು ಉಳೀತೀನೋ ಇಲ್ವೋ ನೋಡೋಣ ಅಂತಾನಾ?"

ಹುಚ್ಚುಹುಚ್ಚಾಗಿ ಮಾತಾಡಬೇಡ ಎಂದೆ. ಹಿಂದಿನವನು ಹಾರ್ನ್ ಹೊಡೆದ. ಗೇರ್ ಹಾಕಿದೆ.

ಈಗ ಫೆಬ್ರವರಿ ಹತ್ತೊಂಬತ್ತರ ಪುಟ ತೆಗೆದು ನೋಡಿದೆ. ಹೊಡೆದು ಹಾಕಿದ ಸಾಲು ಇನ್ನೂ ಓದಲು ಬರುತ್ತದೆ. ನನ್ನದೇ ಅಕ್ಷರ. "ಇವಳೇ ಉಳಿಯದಿದ್ದರೆ ಆಮೇಲೆ ಕಾರು ಯಾರಿಗೆ?"