ಓಣಿಯ ಕೆಳಗಿನ ನೀರು

ಆಗಸ್ಟ್ 11, ಮಧ್ಯಾಹ್ನ

ನಮ್ಮ ಹಿಟ್ಟಿನ ಗಿರಣಿ ಬೆಳಿಗ್ಗೆ ಏಳಕ್ಕೇ ಶುರು. ಮೊದಲು ಜೋಳ, ಗೋದಿ. ಆಮೇಲೆ ಪಕ್ಕದ ಯಂತ್ರದಲ್ಲಿ ಖಾರ. ಮೂಗಿಗೆ ಬಟ್ಟೆ ಕಟ್ಟಿಕೊಂಡರೂ ಸೀನು ತಪ್ಪಲಿಲ್ಲ. ಬುಟ್ಟಿ ಸುರಿಯುತ್ತಿದ್ದಾಗ ಕಾಲಡಿ ಅದುರಿತು. ಗಿರಣಿ ಓಡುವಾಗ ನೆಲ ಅದುರುವುದು ಇದ್ದದ್ದೇ. ಇದು ಬೇರೆ. ಕೆಳಗೆ ಟೊಳ್ಳು ಇದ್ದ ಹಾಗೆ... ಬಂದ್ ಮಾಡಿ ನಿಂತೆ. ಏನೂ ಇಲ್ಲ. ಗಿರಾಕಿ ಕಾಯುತ್ತಿದ್ದರು. ಮತ್ತೆ ಚಾಲೂ ಮಾಡಿದೆ.

ಹತ್ತು ಗಂಟೆಗೆ ಸುದ್ದಿ. ಹಿಂದಿನ ಓಣಿಯಲ್ಲಿ ಒಂದು ಮನೆಯ ಅಡಿಗೆಮನೆ ನೆಲದೊಳಗೆ ಇಳಿದಿದೆ. ಸಿಲಿಂಡರ್, ಕಟ್ಟೆ, ಭಾಂಡೆ — ಎಲ್ಲ ಒಳಗೆ. ಪುಣ್ಯಕ್ಕೆ ಯಾರೂ ಇರಲಿಲ್ಲ. ಹೋಗಿ ನೋಡಿದೆ. ಬಾವಿಯಂಥ ಗುಂಡನೆಯ ಗುಂಡಿ. ತಳದಲ್ಲಿ ನೀರು. ಹಗೇವು ಅಂದರು. ಹಿಂದಿನವರು ಕಾಳು ತುಂಬಿಡಲು ತೋಡಿದ್ದು. ನರಗುಂದದ ಹಳೇ ಮನೆಗಳ ಅಡಿಯಲ್ಲಿ ಎಷ್ಟಿವೆಯೋ, ಎಲ್ಲಿವೆಯೋ.

ಆಗಸ್ಟ್ 12

ಅತ್ತೆಯನ್ನು ಕೇಳಿದೆ. ನಮ್ಮಲ್ಲೂ ಇದೆಯಾ ಅಂತ.

"ಎರಡ ಇದ್ವು. ಪಡಸಾಲ್ಯಾಗಿಂದು ನಿಮ್ಮ ಮಾವ ಗರಸು ಮಣ್ಣು ಹಾಕಿಸಿ ತುಂಬಿಸಿದ್ರು. ಇನ್ನೊಂದರ ಬಾಯಿ ಬಾಜೂ ಮನಿ ಶರೀಫಾಬಿ ಹಿತ್ತಲದಾಗ. ಹೊಟ್ಟಿ ನಿನ್ನ ಗಿರಣಿ ಕೆಳಗ. ಆಗ ಎರಡೂ ಮನಿ ಒಂದ ಇತ್ತು."

"ಅದನ್ನೂ ತುಂಬಿಸ್ಯಾರೇನ್ರಿ ಅತ್ತಿ?"

"ಮ್ಯಾಲೆ ಕಲ್ಲು ಮುಚ್ಚಿದ್ದು ಕಂಡೀನಿ. ಒಳಗಿಂದು ಯಾರಿಗೆ ಗೊತ್ತು ಯವ್ವಾ."

ಸಂಜೆ ಇವರು ಹೊಲದಿಂದ ಬಂದ ಮೇಲೆ ಹೇಳಿದೆ.

"ಯಾರ ಮುಂದೂ ಬಾಯಿ ಬಿಡಬ್ಯಾಡ. ಗಿರಣಿಗೆ ಕೀಲಿ ಹಾಕಿಸ್ತಾರ."

"ಬಾಜೂ ಮನ್ಯಾಗ ಇಬ್ಬರು ವಯಸ್ಸಾದವರು ಅದಾರ್ರಿ."

ಇವರು ಎದ್ದು ಕೈ ತೊಳೆಯಲು ಹೋದರು. ನಾನು ನೇರ ಶರೀಫಾಬಿ ಚಾಚಿ ಮನೆಗೆ. ಅಬ್ದುಲಗನಿ ಚಾಚಾ ಗಾದಿ ಹೊಲಿಯುತ್ತಿದ್ದರು, ಗಡ್ಡದ ತುಂಬ ಹತ್ತಿ. ಎಲ್ಲ ಹೇಳಿದೆ. ಚಾಚಿ ಹಿತ್ತಲ ಕಡೆ ಒಮ್ಮೆ ನೋಡಿದರು.

"ಹೇಳಿದ್ದು ಚಲೋ ಆತು ಬೇಟಿ. ಆದ್ರ ಎಲ್ಲಿಗೆ ಹೋಗೂಣು? ನಾಳಿಂದ ಒಲಿ ಮುಂದ ತರ್ತೀನಿ. ಹಿತ್ತಲಕ್ಕ ಬೋರು ಚಾಲೂ ಮಾಡಾಕಷ್ಟ."

ಆಗಸ್ಟ್ 16

ಅಡಿಗೆಮನೆ ಕುಸಿದದ್ದನ್ನು ನೋಡಲು ಸರಕಾರದ ಎಂಜಿನಿಯರ್ ಬಂದಿದ್ದ. ಎಳೆಯ ಹುಡುಗ, ಆದರೆ ಸಮಾಧಾನದಿಂದ ಹೇಳಿದ. ಹತ್ತೇ ಅಡಿಗೆ ನೀರಿದೆಯಂತೆ. ನಲ್ಲಿ ನೀರು ಬಂದಾಗಿನಿಂದ ಬೋರಿನ ಉಪ್ಪು ನೀರನ್ನು ಹೆಚ್ಚಿನವರು ಎತ್ತುತ್ತಿಲ್ಲ. ಸುತ್ತಲಿನ ಹೊಲಗಳಿಗೆ ಕಾಲುವೆ ನೀರು ಹಗಲೂ ರಾತ್ರಿ ಹರಿದು, ಬಸಿದು, ಊರ ಕೆಳಗೆ ಬಂದು ನಿಲ್ಲುತ್ತಿದೆ. ಹಗೇವುಗಳ ಮಣ್ಣು ನೆನೆದು ಕರಗುತ್ತಿದೆ. ನಮ್ಮ ಗಿರಣಿ ಕೆಳಗೂ ಹಗೇವಿದೆ ಅಂತ ನಾನೇ ಹೇಳಿದೆ.

"ಗಿರಣಿ ಬಂದ್ ಇಡ್ರಿ ಅಕ್ಕಾರ. ಮತ್ತ ಪ್ರತಿ ಮನಿಯವರು ದಿನಾ ಬೋರಿನ ನೀರು ಎತ್ತಿ ಗಟಾರಕ್ಕ ಬಿಡ್ರಿ. ಒಂದೆರಡು ಮನಿ ಎತ್ತಿದ್ರ ಉಪಯೋಗಿಲ್ಲ."

ಎಲ್ಲರೂ ಹೂಂ ಅಂದರು. ನಾನು ಗಿರಣಿ ತಿರುಗಿಸುವ ಉದ್ದನೆಯ ರಬ್ಬರ್ ಪಟ್ಟಾ ಬಿಚ್ಚಿ ಮೊಳೆಗೆ ತೂಗುಹಾಕಿದೆ. ಇವರು ರಾತ್ರಿ ಊಟಕ್ಕೆ ಕೂತವರು ಅರ್ಧಕ್ಕೇ ಎದ್ದರು.

ಆಗಸ್ಟ್ 24

ಓಣಿಯಲ್ಲಿ ಈಗ ಎರಡೇ ಮೋಟರಿನ ಸದ್ದು. ನಮ್ಮದು, ಚಾಚಿಯದು. ಒಬ್ಬರದು ಸುಟ್ಟಿದೆಯಂತೆ. ಒಬ್ಬರಿಗೆ ಕರೆಂಟ್ ಬಿಲ್ಲಿನ ಚಿಂತೆ. ಎದುರುಮನೆ ಟಿಪ್ಪುಸಾಬ ಕಟ್ಟೆ ಮೇಲೆ ಕೂತು, "ನಮ್ಮ ಮನ್ಯಾಗ ಹಗೇವ ಇಲ್ಲಬೇ" ಅಂದ.

ಬುತ್ತಿ ಕೊಡಲು ಹೊಲಕ್ಕೆ ಹೋಗಿದ್ದೆ. ತೂಬು ಪೂರ್ತಿ ತೆರೆದಿದೆ. ಗೋವಿನಜೋಳದ ಸಾಲುಗಳಲ್ಲಿ ಪಾದ ಮುಳುಗುವಷ್ಟು ನೀರು.

"ಬೆಳಿಗೆ ಇಷ್ಟು ನೀರು ಬೇಕೇನ್ರಿ?"

"ಕಾಲುವ್ಯಾಗ ಐತಿ, ಬಿಟ್ಟೀನಿ. ಎಲ್ಲಾರೂ ಬಿಟ್ಟಾರ. ನಾ ಒಬ್ಬಂವ ಮುಚ್ಚಿದ್ರ ಊರ ಕೆಳಗಿನ ನೀರು ಇಳೀತೈತೇನು?"

ಟಿಪ್ಪುಸಾಬ ಕೈ ತೊಳೆದುಕೊಂಡದ್ದೂ ಹೀಗೇ ಅಲ್ಲವೇ... ಬುತ್ತಿ ಇಟ್ಟು ಬಂದೆ.

ಸೆಪ್ಟೆಂಬರ್ 3

ಮಳೆ ಬಿಡುತ್ತಿಲ್ಲ. ಚಾಚಿ ಮನೆಗೂ ನಮಗೂ ನಡುವಿನ ಗೋಡೆಯ ಬಿರುಕಿನಲ್ಲಿ ಈಗ ಬೆರಳು ಹೋಗುತ್ತದೆ. ಅತ್ತೆಯ ಹಾಸಿಗೆಯನ್ನು ಹೊರಗೆ ತಗಡಿನ ಕೆಳಗಿನ ಕಟ್ಟೆಗೆ ತಂದೆವು. ಗುರುತಿನವರಿಗೆಲ್ಲ ಬಾಡಿಗೆ ಮನೆ ಕೇಳಿದ್ದೇನೆ. ನಮ್ಮ ಓಣಿಯವರು ಅಂದ ಕೂಡಲೇ ಮಾತು ಬದಲಿಸುತ್ತಾರೆ. ಒಬ್ಬರಿಗೆ ಕೊಟ್ಟರೆ ಇಡೀ ಓಣಿ ಓಡಿಬರುತ್ತದೆ ಅಂತಲೋ ಏನೋ.

ಸೆಪ್ಟೆಂಬರ್ 6

ನಡೆದದ್ದನ್ನು ಇವತ್ತೇ ಬರೆದುಬಿಡಬೇಕು.

ನಿನ್ನೆ ಸಂಜೆ ಮುಂದೆ. ಮಳೆ ಜಿನುಗುತ್ತಿತ್ತು. "ಇವತ್ತೊಂದಿನ ಬಿಡು" ಅಂತ ಚಾಚಾ ಹೇಳಿದ್ದು ಗೋಡೆಯಾಚೆಯಿಂದ ಕೇಳಿಸಿತು. "ಮಳಿ ಬಂದಾಗ ಎತ್ತಬೇಕು, ಬಿಟ್ರ ಹ್ಯಾಂಗ?" — ಚಾಚಿ. ಮೋಟರ್ ಶುರುವಾದ ಸದ್ದು. ಆಮೇಲೆ ಲಾರಿಯಿಂದ ಚೀಲ ಬಿದ್ದಂಥ ಸದ್ದು. ಅಷ್ಟೇ.

ಓಡಿದೆ. ಹಿತ್ತಲೇ ಇರಲಿಲ್ಲ. ಗುಂಡಿ. ಕೆಳಗಿನಿಂದ ಚಾಚಿಯ ದನಿ. ಎದೆಮಟ್ಟ ಕೆಂಪು ನೀರು. ಅಂಚಿನ ಮಣ್ಣು ಹೆಂಟೆ ಹೆಂಟೆಯಾಗಿ ಅವರ ಮೇಲೇ ಬೀಳುತ್ತಿತ್ತು. ಚಾಚಾ ಹಾರಲು ಹೋದರು. ನನ್ನ ಹಿಂದೆಯೇ ಓಡಿಬಂದ ಇವರು ಹಿಂದಿನಿಂದ ಅಪ್ಪಿ ಹಿಡಿದರು.

"ವಾಯರ್... ವಾಯರ್ ನೋಡ್ರಿ!" ಚಾಚಿ ಕೂಗಿದರು.

ಆಗ ಕಂಡಿತು. ಮೋಟರಿನ ವಾಯರು ಹರಿದು ಚಾಚಿಯ ಪಕ್ಕದಲ್ಲೇ ತೂಗುತ್ತಿತ್ತು. ನೀರಿಗೂ ಅದಕ್ಕೂ ಗೇಣು ಅಂತರ. ಒಂದು ಹೆಂಟೆ ಬಡಿದರೆ ಸಾಕು. ಸ್ವಿಚ್ಚು ಗುಂಡಿಯ ಆಚೆ ಗೋಡೆಗೆ.

ಹೇಗೆ ಹೋದೆನೋ. ಮನೆ ಸುತ್ತಿ ಮುಂದಿನ ಬಾಗಿಲಿಗೆ ಬಂದು, ಮೀಟರ್ ಬೋರ್ಡಿಗೆ ಕೈ ಹಾಕಿ ಫ್ಯೂಸ್ ಎರಡೂ ಕಿತ್ತೆ. "ಕರೆಂಟ್ ಹೋತು! ಕರೆಂಟ್ ಹೋತ್ರೀ!" ಅಂತ ಕಿರುಚಿದ ನೆನಪು. ನಮ್ಮ ಗಿರಣಿಗೆ ನುಗ್ಗಿ ಪಟ್ಟಾ ಹಿರಿದುಕೊಂಡು ಬಂದೆ.

ಅಷ್ಟರಲ್ಲಿ ಚಾಚಾ ಹೊಲಿದಿಟ್ಟ ಗಾದಿಗಳನ್ನೆಲ್ಲ ಅಂಚಿಗೆ ಹಾಸಿದ್ದರು. ಇವರು ಅದರ ಮೇಲೆ ಬೋರಲು ಮಲಗಿ ಪಟ್ಟಾ ಇಳಿಬಿಟ್ಟರು. ಓಣಿಯವರೆಲ್ಲ ಬಂದಿದ್ದರು. ಟಿಪ್ಪುಸಾಬ ಇವರ ಕಾಲು ಹಿಡಿದು ಕೂತಿದ್ದ.

"ಚಾಚಿ, ಬಗಲಾಗ ಹಾಕ್ಕೋರಿ. ಅವಸರ ಬ್ಯಾಡ... ಹಾಂ. ಎಳೀರೋ!" ಇವರದೇ ದನಿ.

ಮೇಲೆ ಬಂದರು. ಗುರುತೇ ಸಿಗದಷ್ಟು ಮಣ್ಣು. ಒಂದು ಕಾಲು ಆಕಡೆ ತಿರುಗಿತ್ತು. ಹುಬ್ಬಳ್ಳಿ ದವಾಖಾನೆಗೆ ಒಯ್ದರು. ಟೊಂಕದ ಎಲುಬು ಮುರಿದಿದೆ. ಜೀವಕ್ಕೆ ಏನಿಲ್ಲ ಅಂದಿದ್ದಾರೆ.

ಸೆಪ್ಟೆಂಬರ್ 7

ಓಣಿಯ ಎಲ್ಲಾ ಮೋಟರ್ ಓಡುತ್ತಿವೆ. ಸುಟ್ಟಿದೆ ಅಂದವರದೂ. ಯಾರೂ ಯಾರ ಮುಖ ನೋಡುತ್ತಿಲ್ಲ.

ಸೆಪ್ಟೆಂಬರ್ 15

ಹುಬ್ಬಳ್ಳಿಗೆ ಹೋಗಿ ಬಂದೆ. ಚಾಚಿಗೆ ರಾಡ್ ಹಾಕಿದ್ದಾರೆ. ಕಣ್ಣು ಬಿಟ್ಟವರು ಮೊದಲು ಕೇಳಿದ್ದು ನಮ್ಮ ಅತ್ತೆಯ ಬಗ್ಗೆ, ಕಟ್ಟೆ ಮೇಲೆ ಚಳಿಯಲ್ಲಿ ಮಲಗುತ್ತಾರಾ ಅಂತ. ನಾನು ಅತ್ತುಬಿಟ್ಟೆ.

ಮನೆಗೆ ಬಂದರೆ ಇವರು ಬಾಗಿಲಲ್ಲಿ ಕೂತಿದ್ದಾರೆ. ಮೊಣಕಾಲ ತನಕ ಕೆಸರು.

"ತೂಬು ಮುಚ್ಚಿನಿ. ಚಾಚಿ ಬಿದ್ದ ದಿನಾನ ಮುಚ್ಚಿನಿ. ಆದ್ರ ಮ್ಯಾಲಿನವರ ನೀರು ನಮ್ಮ ಬದು ಒಡಕೊಂಡು ಬಂದೈತಿ. ಹೊಲ ತುಂಬೇ ಐತಿ ಶಾಂಭವಿ."

ಹೆಸರು ಹಿಡಿದು ಕರೆದು ಎಷ್ಟು ದಿನವಾಗಿತ್ತು. ಪಕ್ಕದಲ್ಲಿ ಕೂತೆ.

ಸೆಪ್ಟೆಂಬರ್ 21, ಸಂಜೆ

ನಾಳೆ ಹಗೇವು ಕುಸಿತದ ಬಗ್ಗೆ ಅಧಿಕಾರಿಗಳ ಸಭೆ. ಹೊಲದವರೂ ಬರುತ್ತಾರೆ. ಮೊದಲು ಓಡಿದವಳು ಅಂತ ನನ್ನನ್ನೂ ಕರೆದಿದ್ದಾರೆ. ಓಣಿಯ ಹಿರಿಯರು ಬಂದು ಕೂತರು.

"ಮಳಿಯಿಂದ ಬಿತ್ತು ಅಂತ ಅಷ್ಟ ಹೇಳವ್ವಾ. ನೈಸರ್ಗಿಕ ವಿಕೋಪ ಅಂತ ಬರಕೊಂತಾರ, ಪರಿಹಾರ ಬರತೈತಿ. ಕಾಲುವಿ, ಹೊಲ ಅಂತ ತಗದ್ರ ಯಾರ ತಪ್ಪು ಅಂತ ವರ್ಷಗಟ್ಟಲೆ ಹುಡುಕ್ತಾರ."

ಸುಳ್ಳೇನೂ ಅಲ್ಲ. ಮಳೆ ಬಂದದ್ದು ಖರೆ. ಪರಿಹಾರ ಎಲ್ಲರಿಗಿಂತ ಬೇಕಾದವರು ಚಾಚಾ. ಹೋಗಿ ಅವರನ್ನೇ ಕೇಳಿದೆ. ಕೆಸರಾದ ಗಾದಿಯೊಂದನ್ನು ಬಿಚ್ಚಿ ಹತ್ತಿ ಒಣಗಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಪರಿಹಾರ ತಗೊಂಡು ಅಲ್ಲೇ ಗ್ವಾಡಿ ಕಟ್ಟೂಣು. ಕೆಳಗ ನೀರು ಹಂಗ ಇರಲಿ. ಮುಂದಿನ ಸಲ ಒಳಗ ಬೀಳೂರು ಯಾರು? ಅದನ್ನಷ್ಟ ಕೇಳು ಬೇಟಿ."

ಇವರಿಗೆ ಹೇಳಿದೆ. ನಮ್ಮ ಹೊಲದ ನೀರಿನ ಮಾತು ಎತ್ತಬೇಕಾಗುತ್ತದೆ, ಮೇಲಿನ ಹೊಲದವರೆಲ್ಲ ನಿಮ್ಮ ಮೇಲೆ ಬೀಳುತ್ತಾರೆ ಅಂತ. ಟೋಪಿ ಹಾಕಿಕೊಂಡು ಹೊಲದ ಕಡೆ ನಡೆದರು.

ಸೆಪ್ಟೆಂಬರ್ 22, ಸಭೆಯಲ್ಲಿ

ಹಿಂದಿನ ಕುರ್ಚಿಯಲ್ಲಿ ಕೂತು ಬರೆಯುತ್ತಿದ್ದೇನೆ. ಸರದಿ ಬರುವ ತನಕ ಬೇರೇನು ಮಾಡಲಿ. ಮೂವರು ಮಾತಾಡಿದರು. ಮೂವರೂ ಮಳೆ ಅಂದರು. ಮೇಲಿನ ಹೊಲದವರು ಮುಂದಿನ ಸಾಲಿನಲ್ಲಿ. ಇವರು ಅವರ ಜೊತೆಗೇ ಕೂತಿದ್ದಾರೆ. ಈಚೆ ನೋಡುತ್ತಿಲ್ಲ. ಹೇಳಬೇಕಾದದ್ದನ್ನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೇನೆ.

ನನ್ನ ಹೆಸರು ಕರೆದರು. ಏಳುವಷ್ಟರಲ್ಲಿ ಮುಂದಿನ ಸಾಲಿನಲ್ಲಿ ಇವರು ಎದ್ದು ನಿಂತಿದ್ದಾರೆ. ಟೋಪಿ ಕೈಯಲ್ಲಿ. "ತಡೀರಿ ಸಾಹೇಬ್ರ. ಆಕೀಕಿಂತ ಮೊದಲ ನನ್ನ ಹೊಲದ ನೀರಿಂದು ಬರಕೋರಿ. ತೂಬು ತಗದಂವ ನಾನ."